ಸಮುದ್ರದ ಎದುರಿನ ಫ್ಲಾಟು, ಅಲ್ಲಿನ ಊರಿನವರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫ್ಲಾಟಿನ ಫೋಟೋ, ವಿಡಿಯೋ ಎಲ್ಲ ನೋಡಿದೆ. ಅಪ್ಪನಿಗೂ ತೋರಿಸಿದೆ. ಬಾಲ್ಕನಿಯಲ್ಲಿ ನಿಂತರೆ ಸಮುದ್ರ, ಚೆನ್ನಾಗಿದೆ, ಎರಡು ಮಾತಿಲ್ಲ. ಮಂಗಳೂರಿನಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ ಸ್ವಂತದ್ದೊಂದು ಬೇಕು ಅಂತ ನಿನಗೆ ಅನಿಸಿರುವುದೂ ಸರಿಯೇ. ಆದರೆ ಫೋಟೋದ ಕೆಳಗೆ ನೀನು ಬರೆದ ಸಾಲು ನನ್ನ ಮನಸ್ಸಿಗೆ ಹಿಡಿಸಲಿಲ್ಲ. 'ಊರಿನವರು ಗೇಟಿನ ಮುಂದೆ ಬ್ಯಾನರ್ ಕಟ್ಟಿ ಕೂತಿದ್ದಾರೆ ಅವ್ವಾ, ಇವರಿಗೆ ಏನು ಬಂದರೂ ಬೇಡ' ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಹೋದ ಸಲ ಸೈಟು ನೋಡಲು ನಿನ್ನ ಜೊತೆ ಬಂದಿದ್ದೆನಲ್ಲ, ನೀನು ಆಫೀಸಿನೊಳಗೆ ಆ ಹುಡುಗನ ಹತ್ತಿರ ರೇಟು, ಲೋನು ಅಂತ ಮಾತಾಡುತ್ತಿದ್ದಾಗ ನಾನು ಎದ್ದು ಕಡಲ ಕಡೆ ಹೋದೆ. ಎರಡು ಕಾಂಪೌಂಡುಗಳ ನಡುವೆ ಒಂದು ಓಣಿ ಇದೆ, ನೀನು ಗಮನಿಸಿದೆಯೋ ಇಲ್ಲವೋ. ತಲೆಯ ಮೇಲೆ ಬುಟ್ಟಿ ಹೊತ್ತ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು, ಅಷ್ಟೇ ಅಗಲ. ಒಂದು ಬದಿಯದು ಪಾಚಿ ಹಿಡಿದ ಹಳೇ ಗೋಡೆ. ಇನ್ನೊಂದು ನಿಮ್ಮ ಬಿಲ್ಡರ್ ಕಟ್ಟಿಸಿದ್ದು, ಹೊಸ ಸಿಮೆಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಆ ಗೋಡೆ ತೆಂಗಿನ ಮರಗಳನ್ನೂ ದಾಟಿ ಮರಳಿನ ತನಕ ಹೋಗಿದೆ. ಅದು ಮುಗಿಯುವ ಕಡೆ ಹಳೇ ಬಲೆ ಹಾಸಿ ಬೂತಾಯಿ ಮೀನು ಒಣಗಲು ಹಾಕಿದ್ದರು. ವಯಸ್ಸಾದ ಒಬ್ಬರು ಹೆಂಗಸು ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದರು. ಬುಟ್ಟಿಯೊಂದನ್ನು ಬೋರಲು ಹಾಕಿ ಕೂತ್ಕೊಳ್ಳಿ ಅಂದರು.

ನನಗೆ ಬರುವ ತುಳುವಿನಲ್ಲೇ ಮಾತಾಡಿದೆ. 'ಮನೆ ಕಟ್ಟಬೇಡಿ ಅಂತ ನಾವು ಯಾವಾಗ ಹೇಳಿದೆವು? ದಾರಿ ಬಿಡಿ ಅಂತ ಕೇಳಿದ್ದು' ಅಂದರು. ಆಮೇಲೆ ದಡದಿಂದಲೇ ಎಳೆಯುವ ಕೈರಂಪಣಿ ಬಲೆಯ ವಿಷಯ ಹೇಳಿದರು. ದೋಣಿಯಲ್ಲಿ ಬಲೆ ಕೊಂಡುಹೋಗಿ ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರಂತೆ. ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ. ಊರಿನ ಗಂಡಸರು ಎರಡು ಸಾಲಾಗಿ ದೂರ ದೂರ ನಿಂತು ಎಳೆಯಲು ಶುರು ಮಾಡಿ, ಎಳೆಯುತ್ತಾ ಎಳೆಯುತ್ತಾ ಹತ್ತಿರ ಬರಬೇಕು. ಅದಕ್ಕೆ ಉದ್ದಕ್ಕೂ ಖಾಲಿ ಮರಳು ಬೇಕು. ನಡುವೆ ಒಂದು ಗೋಡೆಯೋ, ಲಾನೋ ಬಂದರೆ ಆ ಬಲೆಯ ಕೆಲಸ ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಆಗ ಎಷ್ಟೋ ಮನೆಗಳು ನಡೆಯುವುದು ಹೀಗೆ ಒಣಗಿಸಿಟ್ಟ ಮೀನಿನಿಂದ. ನಾವು ಇಲ್ಲಿ ಕೊಡಗಿನಲ್ಲಿ ಜಡಿಮಳೆಗೆ ಗಂಜಿಗೆ ಒಣಮೀನು ಚಟ್ನಿ ಮಾಡಿಕೊಂಡು ತಿನ್ನುತ್ತೇವಲ್ಲ, ಅದು ಇಂಥ ಮರಳಿನಿಂದಲೇ ಘಾಟಿ ಹತ್ತಿ ಬರುವುದು.

ವಾಪಸ್ ಬಂದಾಗ ಆಫೀಸಿನ ಹುಡುಗ ನಿನಗೆ ಏನು ಹೇಳುತ್ತಿದ್ದ ಗೊತ್ತಾ? 'ಮೀನಿನ ವಾಸನೆ ಬಗ್ಗೆ ಯೋಚನೆ ಮಾಡಬೇಡಿ ಮೇಡಂ, ಪೊಸೆಷನ್ ಕೊಡುವ ಹೊತ್ತಿಗೆ ಇವರನ್ನೆಲ್ಲ ಅಲ್ಲಿಂದ ಎಬ್ಬಿಸುತ್ತಾರೆ' ಅಂದ. ನೀನು ತಲೆ ಆಡಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಏನೂ ಮಾತಾಡದೆ ಕೂತಿದ್ದು ಅದಕ್ಕೇ.

ಊರಿನವರೆಲ್ಲ ಒಂದೇ ಮಾತು ಹೇಳುತ್ತಾರೆ ಅಂತಲೂ ಅಲ್ಲ. ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ ಆಟೋದವರಿಗೆ ಈ ಕಟ್ಟಡದಿಂದ ಖುಷಿ. ರಸ್ತೆಗೆ ಡಾಂಬರು ಬಂತು, ತಮ್ಮನಿಗೆ ವೈರಿಂಗ್ ಕೆಲಸ ಸಿಕ್ಕಿತು ಅಂದರು. ಜಾಗ ಮಾರಿದವರನ್ನೂ ನಾನು ದೂರುವುದಿಲ್ಲ, ಮಗಳ ಮದುವೆಗೋ, ಸಾಲಕ್ಕೋ ಮಾರಿರುತ್ತಾರೆ. ಆದರೆ ಆಟೋದವರೇ ಕೊನೆಗೆ ಇನ್ನೊಂದು ಮಾತು ಹೇಳಿದರು. 'ನಮ್ಮ ಮನೆಗೆ ಒಂದು ಕೋಣೆ ಜಾಸ್ತಿ ಹಾಕಲು ಹೋದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಅಂತ ನೋಟಿಸು ಬರುತ್ತದೆ ಅಕ್ಕ, ಇಲ್ಲಿ ಹತ್ತು ಮಾಳಿಗೆ ಹೇಗೆ ಏಳುತ್ತದೆ?' ಖುಷಿಯಲ್ಲಿರುವವರೇ ಕೇಳಿದ ಪ್ರಶ್ನೆ ಇದು. ನೀನು ದುಡ್ಡು ಕೊಡುವವಳು, ನೀನೂ ಇದನ್ನು ಕೇಳಬೇಕಲ್ವಾ?

ಪುಟ್ಟಿ, ಕಾಲೇಜಿನಲ್ಲಿದ್ದಾಗ ಮಡಿಕೇರಿಯಲ್ಲಿ ನೀನೇ ಫಲಕ ಹಿಡಿದು ನಿಂತಿದ್ದೆ. ಕಾಫಿ ತೋಟಗಳನ್ನು ಕನ್ವರ್ಷನ್ ಮಾಡಿಸಿ ಸೈಟು, ವಿಲ್ಲಾ ಅಂತ ಹೊರಗಿನವರಿಗೆ ಮಾರುತ್ತಾರೆ, ಮರ ಹೋಗುತ್ತದೆ, ನೀರಿಗೆ ಬರ ಬರುತ್ತದೆ ಅಂತ ಎಷ್ಟು ಸಿಟ್ಟು ನಿನಗೆ! ಆಗ ಯಾರೋ 'ಕೊಡಗಿನವರಿಗೆ ಅಭಿವೃದ್ಧಿ ಬೇಡ' ಅಂದಿದ್ದಕ್ಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಆ ಕಡಲ ಊರಿನಲ್ಲಿ ಹೊರಗಿನವಳು ನೀನು. ನಿನ್ನನ್ನು ಬೈಯಬೇಕು ಅಂತ ಇದನ್ನು ಹೇಳುತ್ತಿಲ್ಲ ಮಗಾ. ಅವತ್ತು ನಿನ್ನ ಮಾತನ್ನು ಯಾರಾದರೂ ನಿಂತು ಕೇಳಿದ್ದರೆ ಹೇಗಿರುತ್ತಿತ್ತು ಅಂತ ಯೋಚನೆ ಮಾಡು, ಅಷ್ಟೇ.

ಹಳಬರ ಮಾತು ಕೇಳದೆ ಏನಾಯಿತು ಅಂತ ನಾವು ಕಣ್ಣಾರೆ ಕಂಡಿದ್ದೇವೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ ಕಡೆ ಗುಡ್ಡಗಳು ಜಾರಿದವು. ಮಳೆ ವಿಪರೀತ ಬಂತು, ನಿಜ. ಆದರೆ ಬಂದು ನೋಡಿದ ಭೂವಿಜ್ಞಾನಿಗಳು ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಒಂದು ಕಾರಣ ಅಂದರು. ಗುಡ್ಡ ಕಡಿಯಬೇಡಿ, ತೋಡು ಮುಚ್ಚಬೇಡಿ ಅಂತ ನಿನ್ನ ಅಜ್ಜ ಜೀವಮಾನ ಪೂರ್ತಿ ಹೇಳುತ್ತಿದ್ದದ್ದು ಅದನ್ನೇ. ಕುಶಾಲನಗರದಲ್ಲಿ ಕಾವೇರಿ ಪಕ್ಕದ ಬಡಾವಣೆಗಳಿಗೆ 2018ರಲ್ಲೂ ನೀರು ನುಗ್ಗಿತು, 2019ರಲ್ಲೂ ನುಗ್ಗಿತು. ನಿನ್ನ ಚಿಕ್ಕಮ್ಮನ ಬಾಡಿಗೆ ಮನೆಯಲ್ಲಿ ಫ್ರಿಜ್ ಸರಿಸಿದರೆ ಗೋಡೆಯ ಮೇಲೆ ಕೆಸರುನೀರಿನ ಗೆರೆ ಈಗಲೂ ಕಾಣುತ್ತದೆ, ಎರಡು ಸಲ ಪೇಂಟ್ ಹೊಡೆಸಿದರೂ ಹೋಗಲಿಲ್ಲ. ಹೊಳೆ ಎಲ್ಲಿಯ ತನಕ ಬರುತ್ತದೆ ಅಂತ ಅಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿತ್ತು. ಸೈಟು ತೆಗೆದುಕೊಂಡವರು ಅವರನ್ನು ಕೇಳಲಿಲ್ಲ.

ಕಡಲೂ ಹಾಗೇ. ಮಳೆಗಾಲದಲ್ಲಿ ಮರಳು ಕೊಂಡುಹೋಗುತ್ತದೆ, ಮಳೆ ಕಳೆದ ಮೇಲೆ ವಾಪಸ್ ತಂದು ಹಾಕುತ್ತದೆ. ನೀನು ಡಿಸೆಂಬರಿನಲ್ಲಿ ನೋಡಿದ ಆ ಅಗಲವಾದ ಮರಳು ಜುಲೈಯಲ್ಲಿ ಇರುವುದಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಪ್ರತಿ ಮಳೆಗಾಲಕ್ಕೂ ಕಡಲ್ಕೊರೆತದ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ತೆಂಗಿನ ಮರ ಬೇರು ಸಮೇತ ಬಿದ್ದದ್ದು, ರಸ್ತೆ ಅರ್ಧ ಕುಸಿದದ್ದು. ಒಂದು ಕಡೆ ಕಲ್ಲು ಹಾಕಿ ತಡೆದರೆ ಅದರ ಪಕ್ಕದಲ್ಲಿ ಕೊರೆತ ಜಾಸ್ತಿಯಾಗುವುದೂ ಉಂಟು. ನಿಮ್ಮ ಕಟ್ಟಡ ಉಳಿಸಲು ಬಿಲ್ಡರ್ ಕಲ್ಲು ಹಾಕಿಸಿದರೆ ಪಕ್ಕದ ಹಂಚಿನ ಮನೆಗಳ ಗತಿ ಏನು ಅಂತ ಆ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾವಿಯ ಮಾತು ಬೇರೆ. ಕಡಲ ತೀರದಲ್ಲಿ ಮರಳಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಬೋರು ಕೊರೆದು ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬಂದು ಊರಿನವರ ಬಾವಿ ನೀರೂ ಉಪ್ಪಾಗಬಹುದು. ಅಷ್ಟೊಂದು ಮನೆಗೆ, ಈಜುಕೊಳಕ್ಕೆ ನೀರು ಎಲ್ಲಿಂದ ಅಂತ ನೀನು ಕೇಳಿದ್ದೀಯಾ?

ಇನ್ನು ಕಾಗದಪತ್ರ. 'ಸಿಆರ್‌ಝಡ್ ಕ್ಲಿಯರ್' ಅಂತ ಆ ಹುಡುಗ ಬಾಯಲ್ಲಿ ಹೇಳಿದ್ದು ಸಾಲದು. ಹಳ್ಳಿ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಇಂಥ ಹೊಸ ಕಟ್ಟಡ ಕಟ್ಟುವಂತಿಲ್ಲ ಅಂತ 1991ರ ಅಧಿಸೂಚನೆಯಲ್ಲೇ ಇತ್ತು. 2019ರಲ್ಲಿ ಅದನ್ನು ಸಡಿಲ ಮಾಡಿದರು, ಆದರೆ ಎಲ್ಲ ಕಡೆಗೂ ಅಲ್ಲ. 2011ರ ಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಿಗೆ ಮಾತ್ರ 50 ಮೀಟರ್, ಉಳಿದ ಕಡೆ 200 ಹಾಗೇ ಇದೆ. ಪಟ್ಟಣದ ವ್ಯಾಪ್ತಿಯಾದರೆ ಲೆಕ್ಕ ಬೇರೆ. ನಿಮ್ಮ ಸರ್ವೆ ನಂಬರ್ ಯಾವುದಕ್ಕೆ ಸೇರುತ್ತದೆ, ಉಬ್ಬರದ ಗೆರೆ ಎಲ್ಲಿ ಹಾದುಹೋಗುತ್ತದೆ, ಇದನ್ನು ನಕ್ಷೆಯಲ್ಲಿ ತೋರಿಸಲು ಹೇಳು. ರೇರಾ, ಅಂದರೆ ಬಿಲ್ಡರ್ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ, ಅದರ ನೋಂದಣಿ ನಂಬರನ್ನೂ ನೀನೇ ಅವರ ವೆಬ್‌ಸೈಟಿಗೆ ಹೋಗಿ ನೋಡು, ಬ್ರೋಷರಿನಲ್ಲಿ ಅಚ್ಚಾಗಿದೆ ಅಂತ ಬಿಡಬೇಡ.

ಕೊಚ್ಚಿಯ ಮರಡು ನೆನಪಿದೆಯಲ್ಲ? 2020ರ ಜನವರಿ 11 ಮತ್ತು 12ರಂದು ಹಿನ್ನೀರಿನ ದಂಡೆಯ ದೊಡ್ಡ ದೊಡ್ಡ ಕಟ್ಟಡಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ನಾವೆಲ್ಲ ಟಿವಿ ಮುಂದೆ ಕೂತು ನೋಡಿದೆವು. ಅವಕ್ಕೂ 2006ರಲ್ಲಿ ಪಂಚಾಯಿತಿಯ ಪರವಾನಗಿ ಸಿಕ್ಕಿತ್ತು. ಕರಾವಳಿ ನಿಯಮ ಮೀರಿ ಕಟ್ಟಿದ್ದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಒಳಗೆ ಜನ ವರ್ಷಗಟ್ಟಲೆ ವಾಸವಾಗಿದ್ದರು. ಒಂದೊಂದು ಫ್ಲಾಟಿನವರಿಗೆ ಮಧ್ಯಂತರ ಪರಿಹಾರ ಅಂತ ಕೊಡಲು ಹೇಳಿದ್ದು 25 ಲಕ್ಷ. ನೀನು ಇಪ್ಪತ್ತು ವರ್ಷದ ಲೋನು ತೆಗೆಯಲು ಹೊರಟಿದ್ದೀಯ. ಆ ದಿನ ಬಂದರೆ ಬ್ಯಾಂಕಿನವರು ಕಂತು ಬಿಡುವುದಿಲ್ಲ.

ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದುಡ್ಡು ನಿನ್ನದು, ಬದುಕು ನಿನ್ನದು. ಕಾಗದ ಸರಿ ಇದ್ದು, ಗೋಡೆ ಹಿಂದಕ್ಕೆ ಸರಿದು, ಊರಿನವರಿಗೆ ದಾರಿಯೂ ಮೀನು ಒಣಗಿಸುವ ಜಾಗವೂ ಬರಹದಲ್ಲಿ ಸಿಕ್ಕಿದರೆ ಧಾರಾಳ ತೆಗೆದುಕೋ, ಗೃಹಪ್ರವೇಶಕ್ಕೆ ನಾನೇ ನಿಂತು ಅಡಿಗೆ ಮಾಡುತ್ತೇನೆ. ಫ್ಲಾಟು ಕೊಳ್ಳುವವರ ವಾಟ್ಸಾಪ್ ಗ್ರೂಪಿನಲ್ಲಿ ನೀನಿದ್ದೀಯಲ್ಲ, ಅಲ್ಲಿ ಈ ಮಾತು ಎತ್ತು. ಊರಿನವರು ಕೇಳಿದರೆ ಬಿಲ್ಡರ್ ಕಿವಿಗೆ ಹಾಕಿಕೊಳ್ಳುವುದಿಲ್ಲ, ಕೊಳ್ಳುವವರು ಕೇಳಿದರೆ ಕೇಳಲೇಬೇಕಾಗುತ್ತದೆ. ದಾರಿ ಬಿಡದೆ ಮುಂದಿನ ಕಂತು ಕೊಡುವುದಿಲ್ಲ ಅಂತ ನಾಲ್ಕೈದು ಜನ ಗಟ್ಟಿಯಾಗಿ ನಿಂತರೂ ಸಾಕು.

ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡ. ನಕ್ಷೆಯ ಜೆರಾಕ್ಸ್ ಸಿಕ್ಕಿದ ಕೂಡಲೇ ಕಳಿಸು, ಅಪ್ಪ ಪರಿಚಯದ ಸರ್ವೆಯವರೊಬ್ಬರಿಗೆ ತೋರಿಸುತ್ತಾರಂತೆ. ಮಳೆ ಹಿಡಿದರೆ ಸಂಪಾಜೆ ಘಾಟಿಯ ಕಥೆ ಹೇಳಲಾಗದು, ಅದಕ್ಕೆ ಮೇ ತಿಂಗಳು ಮುಗಿಯುವುದರೊಳಗೆ ನಾವಿಬ್ಬರೂ ಬರುತ್ತೇವೆ. ಬ್ಯಾನರ್ ಕಟ್ಟಿ ಕೂತವರ ಹತ್ತಿರ ಮೂವರೂ ಹೋಗಿ ಮಾತಾಡೋಣ. ಯಾವ ಭಾನುವಾರ ನಿನಗೆ ರಜೆ ಅಂತ ತಿಳಿಸು.

ನಿನ್ನ
ಅವ್ವ