ಮೊದಲು ಕಾರಿನ ಕೆಳಗೆ ನೋಡು

ಚಿರಂಜೀವಿ ಪುಟ್ಟಿಗೆ, ನಿನ್ನ ಮಾವನ ಆಶೀರ್ವಾದಗಳು.

ತಾತನ ಎಂಜಿಬಿ, ಆ ಹಳೇ ಬ್ರಿಟಿಷ್ ಓಪನ್ ಕಾರು, ನಿನ್ನ ಪಾಲಿಗೆ ಬಂತು ಅಂತ ನಿನ್ನಮ್ಮ ಫೋನ್ ಮಾಡಿ ಹೇಳಿದಳು. ನನಗೆ ಬೇಜಾರಾಗಿರಬಹುದು ಅಂತ ಅವಳಿಗೆ ಒಳಗೊಳಗೇ ಅನುಮಾನ. ನಿಜ ಹೇಳಲಾ? ಒಂದು ದಿನ ಆಯ್ತು. ಎರಡನೇ ದಿನಕ್ಕೆ ಹೋಯ್ತು. ನಾವೆಲ್ಲ ಅಪ್ಪನ ಹತ್ತಿರ ಕಾರು ಕೇಳಿದವರು. ಪಕ್ಕದ ಸೀಟಿನಲ್ಲಿ ಕೂತು ಕಾರಿನ ಬಗ್ಗೆ ಕೇಳಿ ಕೇಳಿ ತಲೆ ತಿಂದವಳು ನೀನೊಬ್ಬಳೇ. ಹಾಗಾಗಿ ಅದು ನಿನಗೇ ಬರಬೇಕಿತ್ತು.

ನೀನು ಕಳಿಸಿದ ಫೋಟೋ ನೋಡಿದೆ. ತೊಳೆದು, ಪಾಲಿಶ್ ಹಚ್ಚಿ, ಮಡಚುವ ಟಾಪ್ ಇಳಿಸಿ ನಿಲ್ಲಿಸಿದ್ದೀಯ. ಹೊಳೆಯುತ್ತಿದೆ, ಸರಿ. ಆದರೆ ಹೊಳಪು ಆಮೇಲೆ. ಹಳೇ ಬಟ್ಟೆ ಹಾಕಿಕೊಂಡು, ಟಾರ್ಚ್ ಹಿಡಿದುಕೊಂಡು, ಮೊದಲು ಕಾರಿನ ಕೆಳಗೆ ನೋಡು.

ಯಾಕೆ ಅಂತ ಹೇಳುತ್ತೇನೆ. ಚಪ್ಪಲಿ ಡಬ್ಬಕ್ಕೆ ಮುಚ್ಚಳ ಹಾಕಿ ತಿರುಚಿ ನೋಡು, ಗಟ್ಟಿಯಾಗಿರುತ್ತೆ. ಮುಚ್ಚಳ ತೆಗೆದು ತಿರುಚು, ನುಲಿದುಕೊಳ್ಳುತ್ತೆ. ಓಪನ್ ಕಾರು ಮುಚ್ಚಳ ಇಲ್ಲದ ಡಬ್ಬ. ಎಂಜಿಬಿಗೆ ಬೇರೆ ಚಾಸಿಸ್, ಅಂದರೆ ಅಡಿಯ ಚೌಕಟ್ಟು, ಕೂಡ ಇಲ್ಲ, ಬಾಡಿಯೇ ಚಾಸಿಸ್. ಮೇಲೆ ಛಾವಣಿ ಇಲ್ಲದ್ದಕ್ಕೆ ಭಾರವೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗಿನ ಉದ್ದದ ಸಿಲ್ ಹೊರಬೇಕು. ಹೊರಗಿನಿಂದ ಸಿಲ್ ಅಂದರೆ ಸುಮ್ನೆ ಒಂದು ಅಂಚು ಅನ್ನಿಸುತ್ತೆ. ಅಲ್ಲ, ಅದೇ ಕಾರಿನ ಬೆನ್ನುಮೂಳೆ. ಒಳಗೆ ನೀರು ಕೂತರೆ ಹೊರಗೆ ಪೇಂಟ್ ನಗುತ್ತಿರುವಾಗಲೇ ಒಳಗೆ ತುಕ್ಕು ತಿನ್ನುತ್ತಾ ಹೋಗುತ್ತೆ.

ಕಾರು ನೆಲದ ಮೇಲಿರುವಾಗ ಬಾಗಿಲ ಸಂದು ಎಷ್ಟು ಅಗಲ ಇದೆ ಅಂತ ನೋಡಿಕೋ. ಆಮೇಲೆ ಪಕ್ಕದಿಂದ ಜಾಕ್ ಹಾಕಿ ಎತ್ತಿ ಮತ್ತೆ ನೋಡು. ಸಂದು ಕಿರಿದಾಗಿದ್ದರೆ, ಬಾಗಿಲು ತೆಗೆಯಲು ತಿಣುಕಿದರೆ, ಸಿಲ್ ಸೋತಿದೆ ಅಂತ ಅರ್ಥ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾವತ್ತೂ ತೂರಬೇಡ. ಸ್ಟ್ಯಾಂಡ್ ಕೊಟ್ಟು, ಒಂದು ಸಲ ಅಲ್ಲಾಡಿಸಿ ನೋಡಿ, ಆಮೇಲೆ.

ಇನ್ನೊಂದು ಪರೀಕ್ಷೆ. ಒಂದು ಮ್ಯಾಗ್ನೆಟ್ಟನ್ನು ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗು. ತಗಡು ಇರುವಲ್ಲೆಲ್ಲ ಕಚ್ಚುತ್ತೆ. ದಪ್ಪ ಪುಟ್ಟಿ ಇರುವಲ್ಲಿ ಕೈಬಿಡುತ್ತೆ. ಪುಟ್ಟಿ ಅಂದರೆ ನೀನಲ್ಲ, ಡೆಂಟ್ ತುಂಬುವ ಪುಟ್ಟಿ. ನಿನ್ನ ಕಾರಿನಲ್ಲಿ ಎಡಗಡೆ ಸಿಲ್, ಮುಂದಿನ ಚಕ್ರದ ಹಿಂದೆ, ಒಂದು ಗೇಣಿನಷ್ಟು ಜಾಗದಲ್ಲಿ ಮ್ಯಾಗ್ನೆಟ್ ಜಾರಿ ಬೀಳುತ್ತೆ. ನನಗೆ ಹೇಗೆ ಗೊತ್ತು ಅಂತೀಯಾ? ಇರು, ಬರುತ್ತೇನೆ.

ತುಕ್ಕು ಕಂಡರೆ ಹೆದರಬೇಡ. 1962ರಿಂದ 1980ರವರೆಗೆ ಈ ಕಾರು, ಗಟ್ಟಿ ಛಾವಣಿಯ ಜಿಟಿ ಮಾದರಿಯನ್ನೂ ಸೇರಿಸಿ, ಐದು ಲಕ್ಷಕ್ಕಿಂತ ಜಾಸ್ತಿ ತಯಾರಾಯಿತು. ಹಾಗಾಗಿ ಬಿಡಿಭಾಗ ಸಿಗುತ್ತವೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಬಳಸಿ ಇಡೀ ಹೊಸ ಬಾಡಿಯನ್ನೇ ಮಾಡಿ ಮಾರುತ್ತಿದೆ. ಹಳೇ ಕಾರುಗಳಲ್ಲಿ ಈ ಪುಣ್ಯ ಎಷ್ಟಕ್ಕೆ ಇದೆ ಹೇಳು!

ಈಗ ಎಂಜಿನ್. ತಾತ ಹಾಸಿಗೆ ಹಿಡಿದ ಮೇಲೆ ಅದು ಶುರುವಾಗಿಲ್ಲ. ಸ್ನೇಹಿತರು ಬಂದು 'ಒಂದು ಸಲ ಸೆಲ್ಫ್ ಹೊಡಿ, ಸೌಂಡ್ ಕೇಳೋಣ' ಅನ್ನುತ್ತಾರೆ. ಹೊಡೆಯಬೇಡ. ಹಳೇ ಪೆಟ್ರೋಲ್ ಪೂರ್ತಿ ತೆಗೆಸು, ಅದು ಕೆಟ್ಟು ಅಂಟಾಗಿರುತ್ತೆ. ಏರ್ ಫಿಲ್ಟರ್ ಬಿಚ್ಚಿ ಇಲಿ ಗೂಡು ಕಟ್ಟಿದೆಯಾ ನೋಡು. ಎಂಜಿನ್ ಆಯಿಲ್ ಬದಲಿಸು. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡು. ಮರುದಿನ ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ತಳ್ಳು. ಎಂಜಿನ್ ಸಲೀಸಾಗಿ ತಿರುಗಿದರೆ ಅರ್ಧ ಗೆದ್ದೆ. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಎಲ್ಲ ಹೊಸದು ಹಾಕಿಸು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತೆ.

ಬ್ಯಾಟರಿ ವಿಷಯದಲ್ಲಿ ಜೋಪಾನ. ಬಾನೆಟ್ ಕೆಳಗೆ ಹುಡುಕಬೇಡ, ಸಿಗಲ್ಲ. ಸೀಟುಗಳ ಹಿಂದೆ ಒಂದು ಮುಚ್ಚಳ ಇದೆ. ಅದರ ಕೆಳಗೆ ಆರು ವೋಲ್ಟಿನವು ಎರಡು. ನಿನ್ನದು 1965ರ ಕಾರು, ಅದರಲ್ಲಿ ಕಾರಿನ ತಗಡಿನ ಮೈಗೆ ಸೇರುವುದು (ಅದಕ್ಕೇ ಅರ್ತ್ ಅನ್ನೋದು) ಪಾಸಿಟಿವ್ ತಂತಿ. ಈಗಿನ ಕಾರುಗಳಿಗೆ ಪೂರ್ತಿ ಉಲ್ಟಾ. ಕಂಪನಿಯವರು ನೆಗೆಟಿವ್‌ಗೆ ಬದಲಿಸಿದ್ದು 1967ರಲ್ಲಿ. ಯಾರಾದರೂ ಉಪಕಾರ ಮಾಡಲು ಹೋಗಿ ಕೆಂಪು ಕಪ್ಪು ಕೇಬಲ್ ಅಭ್ಯಾಸಬಲದಿಂದ ಸಿಕ್ಕಿಸಿದರೆ ಹೊಗೆ ಬರುತ್ತೆ. ಫೋನ್ ಚಾರ್ಜರನ್ನೂ ಸಿಕ್ಕಿಸಬೇಡ. ಆ ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿಬಿಡು: 'ಪಾಸಿಟಿವ್ ಅರ್ತ್, ಮುಟ್ಟುವ ಮೊದಲು ನನ್ನನ್ನು ಕೇಳಿ.'

ಆಮೇಲೆ ಆ ಟಿಕ್ ಟಿಕ್ ಸದ್ದು. ಕೀ ತಿರುಗಿಸಿದ ಕೂಡಲೇ ಹಿಂದುಗಡೆಯಿಂದ ಟಿಕ್ ಟಿಕ್ ಟಿಕ್ ಅಂತ ಕೇಳುತ್ತೆ, ನಿಧಾನವಾಗುತ್ತೆ, ನಿಲ್ಲುತ್ತೆ. ಅದು ಪೆಟ್ರೋಲ್ ಪಂಪು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎರಡೂ ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತೆ. ಅಪ್ಪ ಆ ಸದ್ದು ನಿಲ್ಲುವವರೆಗೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತಿರುತ್ತಿದ್ದರು. ನಾನು ಚಿಕ್ಕವನಿದ್ದಾಗ ಏನೋ ಧ್ಯಾನ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ! ಟಿಕ್ ಟಿಕ್ ನಿಲ್ಲಲೇ ಇಲ್ಲ ಅಂದರೆ ಪೆಟ್ರೋಲ್ ಖಾಲಿ, ಇಲ್ಲವೇ ಎಲ್ಲೋ ಸೋರುತ್ತಿದೆ. ಕೀ ಆಫ್ ಮಾಡಿ ಇಳಿದು ನೋಡು. ಸದ್ದೇ ಬರಲಿಲ್ಲ ಅಂದರೆ ಪಂಪಿಗೆ ಸ್ಪ್ಯಾನರ್ ಹಿಡಿಯಿಂದ ಮೆತ್ತಗೆ ಒಂದು ತಟ್ಟು. ಎಷ್ಟೋ ಸಲ ಅಷ್ಟೇ ಸಾಕು.

ಓಡಿಸುವಾಗ ಮೊದಲನೇ ಗೇರಿಗೆ ಸಿಂಕ್ರೋ, ಅಂದರೆ ಗೇರು ಕೂರುವ ಮೊದಲು ವೇಗ ಹೊಂದಿಸುವ ಭಾಗ, ಇಲ್ಲ ಅನ್ನುವುದು ನೆನಪಿರಲಿ. ಕಾರು ಪೂರ್ತಿ ನಿಂತ ಮೇಲೆಯೇ ಫಸ್ಟ್ ಹಾಕು. ಅವಸರ ಮಾಡಿದರೆ ಕರಕರ ಅಂತ ಬೈಯುತ್ತೆ, ಊರಿಗೆಲ್ಲ ಕೇಳುತ್ತೆ.

ಬ್ರೇಕ್ ಬಗ್ಗೆ ತಮಾಷೆ ಇಲ್ಲ. ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲಿ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತೆ, ಹ್ಯಾಂಡ್‌ಬ್ರೇಕ್ ಬಿಟ್ಟು ಏನೂ ಉಳಿಯಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕಾರು ಓಡಲಿ ಬಿಡಲಿ. ಹಾಗೇ ಟೈರು. ಹಲ್ಲು ಹೊಸದರ ಹಾಗಿದೆ ಅಂತ ಮೋಸ ಹೋಗಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2309 ಅಂತಿದ್ದರೆ 2009ನೇ ಇಸವಿಯ 23ನೇ ವಾರದ್ದು. ಹತ್ತು ವರ್ಷ ದಾಟಿದ್ದನ್ನು ಎಸೆದುಬಿಡು.

ಟಾಪ್ ಒದ್ದೆಯಿದ್ದಾಗ ಮಡಚಬೇಡ, ಬೂಷ್ಟು ಹಿಡಿಯುತ್ತೆ. ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್. ಚಳಿಯಲ್ಲಿ ಮಡಚಿದರೆ ಸೀಳುತ್ತೆ. ಮಡಚುವಾಗ ನಡುವೆ ಒಂದು ಹಳೇ ಟವೆಲ್ ಇಡು. ಮತ್ತೆ, ಟಾಪ್ ಇಳಿಸಿ ಹೋಗುವುದೇ ಆ ಕಾರಿನ ಸುಖ, ಆದರೆ ಮಗುಚಿದರೆ ತಲೆಯ ಮೇಲೆ ಏನೂ ಇಲ್ಲ. ನಿನ್ನಮ್ಮನಿಗೆ ಇದನ್ನು ಓದಿ ಹೇಳಬೇಡ. ನೀನು ಮಾತ್ರ ಮರೆಯಬೇಡ. ಸೀಟ್ ಬೆಲ್ಟ್ ಹಾಕಿಸು.

ಕಾಗದಪತ್ರದ್ದು ನಿನಗೇ ಗೊತ್ತು. ಒಂದೇ ಮಾತು. ಮಾಮೂಲಿ ಇನ್ಶೂರೆನ್ಸ್ ಕಣ್ಣಿಗೆ ಅದು ಬೆಲೆ ಇಲ್ಲದ ಹಳೇ ಗಾಡಿ. ಮೊದಲೇ ಒಪ್ಪಿದ ಬೆಲೆಗೆ ಕೊಡುವ ಪಾಲಿಸಿ ಇದೆಯಾ ವಿಚಾರಿಸು.

ಇನ್ನು ಮಾರುವ ವಿಷಯ. ನಿನ್ನ ಹತ್ತಿರ ನೇರವಾಗಿ ಯಾರೂ ಮಾತಾಡಲ್ಲ, ಅದಕ್ಕೇ ನಾನು ಆಡುತ್ತೇನೆ. ಎರಡು ವರ್ಷ ಓಡಿಸು. ವಾರಕ್ಕೊಮ್ಮೆಯಾದರೂ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ. ಅಷ್ಟಾದ ಮೇಲೂ ಅದು ಹೊರೆ ಅನ್ನಿಸಿದರೆ ಮಾರು. ತಾತನನ್ನು ಮಾರಿದ ಹಾಗೆ ಆಗಲ್ಲ. ಕವರ್ ಹೊದಿಸಿ, ನೆನಪು ಅಂತ ಮೂಲೆಯಲ್ಲಿ ಇಟ್ಟರೆ ಮಾತ್ರ ನನಗೆ ಸಿಟ್ಟು ಬರುತ್ತೆ. ಅಪ್ಪ ಅದನ್ನು ಒಂದು ದಿನವೂ ನೆನಪಾಗಿ ಇಟ್ಟವರಲ್ಲ. ಅದರಲ್ಲಿ ಸಾಮಾನು ತಂದರು, ನಮ್ಮನ್ನು ಪರೀಕ್ಷೆಗೆ ಬಿಟ್ಟರು, ನಿನ್ನಮ್ಮ ಹುಟ್ಟಿದಾಗ ಮನೆಗೆ ಕರೆತಂದರು.

ಈಗ ಎಡಗಡೆ ಸಿಲ್.

ನನಗಾಗ ಹತ್ತೊಂಬತ್ತು. ಅಪ್ಪ ಎರಡು ದಿನ ಇರಲಿಲ್ಲ. ಕೀ ಎಲ್ಲಿರುತ್ತೆ ಅಂತ ಗೊತ್ತಿತ್ತು. ರಾತ್ರಿ ತಿರುವಿನಲ್ಲಿ ಒಂದು ಕಲ್ಲಿಗೆ ಉಜ್ಜಿದೆ. ಆ ಸದ್ದು ಈಗಲೂ ಹಲ್ಲಿನಲ್ಲಿದೆ. ತಗಡು ಒಳಕ್ಕೆ ಹೋಗಿ ಸೀಳಿತ್ತು. ಶೆಡ್ಡಿನಲ್ಲಿ ಪುಟ್ಟಿ ಇತ್ತು, ಟಚಪ್‌ಗೆ ಇಟ್ಟಿದ್ದ ಪೇಂಟ್ ಇತ್ತು. ಬೆಳಗಾಗುವವರೆಗೆ ತುಂಬಿದೆ, ಉಜ್ಜಿದೆ, ಬಣ್ಣ ಹೊಡೆದೆ. ಒಣಗಿದ ಮೇಲೆ ನನಗೇ ಗುರುತು ಸಿಗಲಿಲ್ಲ. ಅಪ್ಪ ಬಂದರು, ಕಾರು ತೆಗೆದರು, ಏನೂ ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಅಪ್ಪ ತೀರಿಹೋದ ಮೇಲೆ ಮೇಜಿನ ಡ್ರಾದಲ್ಲಿ ಕಾರಿನ ನೋಟ್‌ಬುಕ್ ಸಿಕ್ಕಿತು. ಆಯಿಲ್ ಯಾವಾಗ ಬದಲಿಸಿದ್ದು, ಗ್ರೀಸ್ ಯಾವಾಗ ಹಾಕಿದ್ದು, ಎಷ್ಟು ಓಡಿತು, ಎಲ್ಲ ಅವರ ಗುಂಡಗಿನ ಅಕ್ಷರದಲ್ಲಿ. ಅವರು ವಾಪಸ್ ಬಂದ ದಿನದ ತಾರೀಕು ಹುಡುಕಿದೆ. 'ಎಡ ಸಿಲ್, ಒಂದು ಗೇಣು ಪುಟ್ಟಿ. ಹುಡುಗನಿಗೆ ಏಟಾಗಿಲ್ಲ.' ಅಷ್ಟೇ. ಮುಂದಿನ ವರ್ಷ, 'ಎಡ ಸಿಲ್ ನೋಡಿದೆ. ಹಾಗೇ ಇದೆ.' ಅದರ ಮುಂದಿನ ವರ್ಷವೂ ಅದೇ. ಕೊನೆಯ ಪುಟದವರೆಗೂ ವರ್ಷಕ್ಕೊಂದು ಸಾಲು. ಒಂದು ಸಣ್ಣ ಗೀರು ಬಿದ್ದರೂ ಬಿಡದ ಮನುಷ್ಯ ಅದನ್ನು ಮಾತ್ರ ಯಾಕೆ ಬಿಚ್ಚಿಸಲಿಲ್ಲವೋ. ನಾನಾಗಿ ಬಂದು ಹೇಳಲಿ ಅಂತ ಕಾದರೇನೋ.

ನೋಟ್‌ಬುಕ್ ಈ ಪತ್ರದ ಜೊತೆಗಿದೆ. ಕಾರಿನ ಜೊತೆಯೇ ಇರಬೇಕಾದ್ದು.

ಆ ಸಿಲ್ ಈಗ ಬಿಚ್ಚಲೇಬೇಕು ಪುಟ್ಟಿ. ಅಷ್ಟು ವರ್ಷ ಪುಟ್ಟಿಯ ಹಿಂದೆ ನೀರು ಸುಮ್ಮನೆ ಕೂತಿರಲ್ಲ. ಒಳ್ಳೆ ವೆಲ್ಡರ್ ಹತ್ತಿರ ಕೊಡು. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿಯಬೇಕು ಅಂತ ಅವನಿಗೆ ಹೇಳು. ಇಲ್ಲದಿದ್ದರೆ ಕಾರು ನಡು ಮುರಿದ ಹಾಗೆ ಬಾಗುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಕೂರಲ್ಲ. ಪೈಪ್ ಹಾಕಲ್ಲ, ಬೇಕಾಗಿಲ್ಲ ಅನ್ನುವವನ ಹತ್ತಿರ ಕೊಡಲೇಬೇಡ.

ಕತ್ತರಿಸುವ ದಿನ ಗೊತ್ತಾದ ಕೂಡಲೇ ನನಗೆ ಫೋನ್ ಮಾಡು. ಬರುತ್ತೇನೆ. ಪುಟ್ಟಿ ಕೆರೆಯುವ ಕೆಲಸ ನನಗೇ ಬಿಡು.

ಇಂತಿ,
ನಿನ್ನ ಮಾವ