ಇಪ್ಪತ್ತು ಒಂದು ಅಲ್ಲ, ಇಪ್ಪತ್ತೊಂದು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಆಪ್‌ಗಳಲ್ಲಿ, ರಸೀದಿಗಳಲ್ಲಿ ಬರೋ ಕನ್ನಡ ಕೆಟ್ಟದಾಗಿರುತ್ತೆ ಅಂತ ಓದುಗರು ಆಗಾಗ ಪತ್ರ ಬರೀತಾರೆ. ಅದು ಹೇಗೆ ಕೆಡುತ್ತೆ ಅಂತ ನಾನು ಒಳಗಿಂದ ನೋಡಿದೀನಿ, ಕೆಡ್ಸೋದ್ರಲ್ಲಿ ನನ್ನ ಕೈನೂ ಇತ್ತು, ಅದಕ್ಕೇ ಈ ಪತ್ರ.

ಅಂಕಿಯನ್ನ ಅಕ್ಷರದಲ್ಲಿ ಬರೆದುಕೊಡೋ ಲೈಬ್ರರಿಗಳು, ಅಂದ್ರೆ ಬೇರೆ ಸಾಫ್ಟ್‌ವೇರ್‌ಗಳು ಬಳಸ್ಕೊಳ್ಳೋ ರೆಡಿಮೇಡ್ ಕೋಡ್, ಇರ್ತವೆ. 251 ಅಂತ ಕೊಟ್ರೆ ಇನ್ನೂರ ಐವತ್ತೊಂದು ಅಂತ ವಾಪಸ್ ಕೊಡುತ್ತೆ, ಬಿಲ್ಲು, ಚೆಕ್ಕು ಪ್ರಿಂಟ್ ಮಾಡೋ ಸಾಫ್ಟ್‌ವೇರ್‌ಗೆಲ್ಲ ಇದು ಬೇಕು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ನಮ್‌ಟುವರ್ಡ್ಸ್ ಅನ್ನೋದು ಹೆಸರಾಗಿದೆ, ಅದ್ರಲ್ಲಿ ಕನ್ನಡನೂ ಇದೆ. ನಾನು ಬಿಡುವಾದಾಗ ಕೆಲಸ ಮಾಡೋದು ಅದರಲ್ಲಲ್ಲ, ಅದೇ ಥರದ ಇನ್ನೊಂದು ಚಿಕ್ಕ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟಿರೋ) ಪ್ರಾಜೆಕ್ಟಲ್ಲಿ. ಅಲ್ಲಿಗೆ ಒಬ್ಬ ಕಾಲೇಜು ಹುಡುಗ ಕನ್ನಡ ಸೇರಿಸಿ ಪುಲ್ ರಿಕ್ವೆಸ್ಟ್, ಅಂದ್ರೆ ನನ್ನ ಕೋಡ್ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ, ಕಳಿಸಿದ, ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್‌ಗೆ ಕನ್ನಡ ಬರಲ್ಲ, ಇರೋರಲ್ಲಿ ಕನ್ನಡದವನು ನಾನೊಬ್ಬನೇ, ಹಾಗಾಗಿ ರಿವ್ಯೂ ನನ್ನ ಪಾಲಿಗೆ ಬಂತು. ಕೋಡ್ ನೀಟಾಗಿತ್ತು, ಉತ್ತರ ಸರಿ ಬರುತ್ತಾ ಅಂತ ಕಂಪ್ಯೂಟರೇ ನೋಡೋ ಟೆಸ್ಟ್ ಎಲ್ಲ ಪಾಸ್ ಆಗಿ ಹಸಿರು ಟಿಕ್ ಬಂದಿತ್ತು, ಬಸ್ಸಲ್ಲಿ ಕೂತು ಮೊಬೈಲಲ್ಲೇ ನೋಡಿ ಅಪ್ರೂವ್ ಒತ್ತಿಬಿಟ್ಟೆ.

ಆಮೇಲೆ ಯಾಕೋ ಸಮಾಧಾನ ಆಗ್ಲಿಲ್ಲ. ಊರಿಗೆ ಹೋದಾಗ 1ರಿಂದ 1000ದವರೆಗೂ ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು, ಕಂಪ್ಯೂಟರ್ ಮುಟ್ಟಿದೋರಲ್ಲ. ಕಾಫಿ ಕುಡಿದು ಮುಗಿಸೋ ಅಷ್ಟರಲ್ಲಿ ಮೊದಲ ಹಾಳೆ ಪೂರ್ತಿ ಕೆಂಪು ಗೀಟು. "ಎರಡು ನೂರು ಅಂತ ಯಾರಾದ್ರೂ ಅಂತಾರೇನೋ, ಇನ್ನೂರು ಅಲ್ವೇನೋ" ಅಂದ್ರು.

ಹುಡುಗ ಇಂಗ್ಲಿಷ್ ಫೈಲ್ ಕಾಪಿ ಮಾಡಿ ಪದ ಮಾತ್ರ ಬದಲಾಯಿಸಿದ್ದ. ಟ್ವೆಂಟಿ ಪಕ್ಕ ಒನ್ ಇಟ್ರೆ ಇಂಗ್ಲಿಷಲ್ಲಿ ಆಗೋಯ್ತು. ನಮ್ಮಲ್ಲಿ ಒಂದರಿಂದ ಒಂಬತ್ತರವರೆಗೆ ಏಳು ಅಂಕಿ ಸ್ವರದಿಂದ ಶುರುವಾಗ್ತವೆ, ಹಾಗಾಗಿ ಇಪ್ಪತ್ತರ ಕೊನೇ ಉಕಾರ ಬಿದ್ದುಹೋಗಿ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೈದು ಆಗುತ್ತೆ, ಹೈಸ್ಕೂಲಲ್ಲಿ ಓದಿದ್ವಲ್ಲ ಲೋಪಸಂಧಿ, ಅದೇ. ಮೂರು, ನಾಲ್ಕು ಎರಡೇ ವ್ಯಂಜನದ್ದು, ಅವು ಬೇರೆ ದಾರಿ ಹಿಡೀತವೆ. ನೂರರ ಲೆಕ್ಕ ಇನ್ನೂ ಚೆಂದ: ಇನ್ನೂರು, ಮುನ್ನೂರು, ನಾನೂರು, ಐನೂರು ಅಂತ ರೂಪ ಬದಲಾಯಿಸ್ಕೊಂಡು ಬಂದು ಆರುನೂರು, ಏಳುನೂರು, ಎಂಟುನೂರಲ್ಲಿ ಸುಮ್ನೆ ಅಂಟ್ಕೊಂಡು, ಒಂಬೈನೂರಲ್ಲಿ ಮತ್ತೆ ಬದಲಾಗುತ್ತೆ. ಮುಂದೆ ಇನ್ನೊಂದು ಅಂಕಿ ಇದ್ರೆ ನೂರು ಹೋಗಿ ನೂರ, ಸಾವಿರ ಹೋಗಿ ಸಾವಿರದ. 1,23,456 ಅಂದ್ರೆ ಒಂದು ಲಕ್ಷದ ಇಪ್ಪತ್ಮೂರು ಸಾವಿರದ ನಾನೂರ ಐವತ್ತಾರು, ಆ ಫೈಲಲ್ಲಿ ಲಕ್ಷ ಅನ್ನೋ ಪದಾನೇ ಇರ್ಲಿಲ್ಲ, ಹತ್ತು ಲಕ್ಷ ಕೊಟ್ರೆ ಒಂದು ಮಿಲಿಯನ್ ಅಂತಿತ್ತು.

ಮತ್ತೆ ಟೆಸ್ಟ್ ಹೇಗೆ ಪಾಸಾಯ್ತು? ಪ್ರೋಗ್ರಾಂ ಕೊಟ್ಟ ಉತ್ತರಾನೇ ಕಾಪಿ ಮಾಡಿ "ಸರಿ ಉತ್ತರ" ಅಂತ ಟೆಸ್ಟಲ್ಲಿ ಬರೆದಿದ್ದ. ತಾನು ಬರೆದ ಪರೀಕ್ಷೆಗೆ ತಾನೇ ಮಾರ್ಕ್ಸ್ ಹಾಕ್ಕೊಂಡ ಹಾಗೆ. ಹಸಿರು ಟಿಕ್‌ಗೆ ಕನ್ನಡ ಬರಲ್ಲ, ಮೇಂಟೇನರ್‌ಗೂ ಬರಲ್ಲ, ಬರ್ತಿದ್ದ ನಾನು ಓದಲಿಲ್ಲ. ಅಷ್ಟೊತ್ತಿಗೆ ರಿಲೀಸ್ ಆಗೋಗಿತ್ತು, ಅದನ್ನ ಹಾಕ್ಕೊಂಡವರ ಸಾಫ್ಟ್‌ವೇರಲ್ಲೆಲ್ಲ ಆ ಎರಡು ನೂರು ಹೋಗಿ ಕೂತಿರುತ್ತೆ, ನಾವು ಸರಿ ಮಾಡಿದ್ರೂ ಅವರು ಅಪ್‌ಡೇಟ್ ಮಾಡೋ ತನಕ ಹೋಗಲ್ಲ.

ಹುಡುಗನ ಮೇಲೆ ನಂಗೆ ಒಂಚೂರೂ ಕೋಪ ಇಲ್ಲ. ಬಿಟ್ಟಿಯಾಗಿ, ಅಕ್ಕರೆಯಿಂದ ಮಾಡಿದ್ದ, ತಪ್ಪು ತೋರಿಸಿದ ಮೇಲೆ ಒಂದರಿಂದ ತೊಂಬತ್ತೊಂಬತ್ತರವರೆಗೂ ಕೈಯಲ್ಲೇ ಟೇಬಲ್ ಬರೆದು ಕಳಿಸಿದ, ಅಪ್ಪ ಅದನ್ನ ಓದಿ ಪಾಸ್ ಮಾಡಿದ್ರು. ನಾನು ಕೇಳ್ಕೊಳ್ಳೋದು ನಿಮ್ಮ ಓದುಗರನ್ನ, ಮುಖ್ಯವಾಗಿ ರಿಟೈರ್ ಆಗಿರೋ ಮೇಷ್ಟ್ರುಗಳನ್ನ, ಬ್ಯಾಂಕಲ್ಲಿ ಇದ್ದೋರನ್ನ. ಇಂಥ ಪ್ರಾಜೆಕ್ಟಲ್ಲಿ ಕನ್ನಡ ಚೆಕ್ ಮಾಡೋಕೆ ಕೋಡ್ ಬರಬೇಕಿಲ್ಲ. ನಿಮ್ಮ ಮನೇಲಿ, ಪಕ್ಕದ ಮನೇಲಿ ಕಂಪ್ಯೂಟರ್ ಓದೋ ಮಕ್ಕಳಿದ್ರೆ, ಅವರು ಕನ್ನಡದ್ದು ಏನೇ ಮಾಡಿದ್ರೂ ಒಂದು ಪ್ರಿಂಟ್ ಕೇಳಿ ತಗೊಳ್ಳಿ, ಪೆನ್ನು ಹಿಡಿದು ಓದಿ.

ಇನ್ನೊಂದು ಮಾತು ತೀರ್ಮಾನ ಆಗಿಲ್ಲ. 23ಕ್ಕೆ ನಾನು ಇಪ್ಪತ್ಮೂರು ಅಂತೀನಿ, ಅಪ್ಪ ಇಪ್ಪತ್ತಮೂರು ಅಂತ ಪಟ್ಟು ಹಿಡಿದಿದಾರೆ, ಇಪ್ಪತ್ತುಮೂರು ಅಂತ ಬರೆಯೋರೂ ಇದಾರೆ. ಧಾರವಾಡದ ಕಡೆ, ಮಂಗಳೂರಿನ ಕಡೆ ಚೆಕ್ ಮೇಲೆ ನೀವು ಹೇಗೆ ಬರೀತೀರಿ ಅಂತ ಇದೇ ಅಂಕಣಕ್ಕೆ ಒಂದು ಸಾಲು ಬರೆದು ಕಳಿಸಿದ್ರೆ, ಅದನ್ನ ನೋಡಿಕೊಂಡೇ ಮುಂದಿನ ರಿಲೀಸಲ್ಲಿ ಹಾಕ್ತೀವಿ.

ಇಂತಿ,
ನಿಮ್ಮ ಓದುಗ, ತಿಪಟೂರು