ತಿಥಿಗೆ ಮುಂಚೆ ಪಾಸ್‌ಬುಕ್ ನೋಡಿ

ಮಾನ್ಯರೇ,

ದುಡಿಯುವ ಯಜಮಾನ ಇದ್ದಕ್ಕಿದ್ದಂತೆ ತೀರಿಕೊಂಡರೆ ಊರವರು ಅಕ್ಕಿ ಮೂಟೆ, ಕೈಲಾದಷ್ಟು ದುಡ್ಡು ಕೊಡುತ್ತಾರೆ. ಅದು ಹನ್ನೊಂದನೇ ದಿನದ ಊಟಕ್ಕೇ ಸರಿಹೋಗುತ್ತದೆ. ಆ ಮನೆ ಮತ್ತೆ ಕಾಲೂರಬೇಕಾದರೆ ಓದುಬರಹ ಬಲ್ಲ ಒಬ್ಬರು ಮೊದಲ ತಿಂಗಳು ಅವರ ಕಾಗದಪತ್ರಕ್ಕಾಗಿ ಓಡಾಡಬೇಕು.

ಮೊದಲು ತೀರಿಹೋದವರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ. ಮೇ ಕೊನೆಯ ಹೊತ್ತಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಸಹಜ ಸಾವಾದರೂ 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ. ಅದು ಅಪಘಾತಕ್ಕೆ ಮಾತ್ರ, ಅದೂ 2 ಲಕ್ಷ. ಖಾತೆ ತೆರೆಯುವಾಗ ಇದಕ್ಕೂ ಸಹಿ ಹಾಕಿದ್ದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕ್ಲೇಮ್ ಅರ್ಜಿಯನ್ನು ಅದೇ ಶಾಖೆಗೆ 30 ದಿನದೊಳಗೆ ಕೊಡಿ. ಹಾವು ಕಚ್ಚಿ ಸತ್ತರೂ, ಮರದಿಂದ ಬಿದ್ದು ಸತ್ತರೂ ಅಪಘಾತವೇ, ಆದರೆ ಆಸ್ಪತ್ರೆಯ ದಾಖಲೆ ಬೇಕು. ‘ಹೋದ ಜೀವ ಹೋಯ್ತು, ಇನ್ನು ಯಾಕೆ’ ಎಂದು ಹೆಣವನ್ನು ನೇರ ಮಣ್ಣು ಮಾಡಿದರೆ ಕ್ಲೇಮ್ ಅಲ್ಲೇ ಬಿದ್ದುಹೋಗುತ್ತದೆ.

ಇನ್ನು ಸಂಘದ ಸಾಲ. ಮೈಕ್ರೋ ಫೈನಾನ್ಸ್‌ನವರು ಸಾಲ ಕೊಡುವಾಗಲೇ ಸಾಮಾನ್ಯವಾಗಿ ವಿಮೆಯ ದುಡ್ಡು ಮುರಿದುಕೊಂಡಿರುತ್ತಾರೆ. ಬಹಳ ಕಡೆ ಅದು ಗಂಡ ಹೆಂಡತಿ ಇಬ್ಬರಿಗೂ ಸೇರಿರುತ್ತದೆ. ಲೋನ್ ಕಾರ್ಡಿನಲ್ಲಿ ಆ ವಿಮೆಯ ನಮೂದನ್ನು ಹುಡುಕಿ, ಇದ್ದರೆ ಅದರಿಂದ ಬಾಕಿ ಚುಕ್ತಾ ಮಾಡಿಕೊಡಿ ಎಂದು ಬರೆದು ಕೊಡಿ. ಕಂತು ಕೇಳಲು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಬರಬಾರದೆಂಬ ರಿಸರ್ವ್ ಬ್ಯಾಂಕ್ ನಿಯಮವೂ ಇದೆ. ಇದೆಲ್ಲ ಕೇಳುವವರಿಲ್ಲದೆ ಕಿವಿಯೋಲೆ ಅಡವಿಟ್ಟು ವಾರದ ಕಂತು ಕಟ್ಟುವ ಹೆಂಗಸರಿದ್ದಾರೆ.

ಎಲ್ಲದಕ್ಕೂ ಬೇಕಾದದ್ದು ಮರಣ ಪ್ರಮಾಣಪತ್ರ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಎಡವಟ್ಟಾಗುವುದು ಹೆಸರಿನಲ್ಲಿ. ಬರೆಸಲು ಹೋದ ನೆಂಟರು ಊರಲ್ಲಿ ಕರೆಯುವ ಹೆಸರು ಹೇಳಿಬಿಡುತ್ತಾರೆ. ಆಧಾರ್‌ನಲ್ಲಿ ‘ಪುಟ್ಟಸ್ವಾಮಿ’, ಪಹಣಿಯಲ್ಲಿ ‘ಪುಟ್ಟಸ್ವಾಮಯ್ಯ ಬಿನ್ ಕೆಂಪಯ್ಯ’, ಪ್ರಮಾಣಪತ್ರದಲ್ಲಿ ‘ಪುಟ್ಟಣ್ಣ’ ಎಂದಾದರೆ ಮೂರು ಜನರಾದಂತೆ. ಒಂದೊಂದು ಮೇಜಿನಲ್ಲೂ ಅಫಿಡವಿಟ್ ಕೇಳುತ್ತಾರೆ. ಆಧಾರ್ ಜೆರಾಕ್ಸ್ ಮುಂದಿಟ್ಟು ಅಕ್ಷರ ಅಕ್ಷರ ನೋಡಿ ಬರೆಸಿ.

ನಂತರ ನಾಡಕಚೇರಿ. ವಿಧವಾ ವೇತನ ತಿಂಗಳಿಗೆ 800. ತೀರಿಕೊಂಡವರ ವಯಸ್ಸು 18ರಿಂದ 59ರೊಳಗಿದ್ದು, ಬಿಪಿಎಲ್ ಕುಟುಂಬವಾಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಮ್ಮೆಗೆ 20,000. ಜಮೀನಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಬೇಕು. ‘ಮದುವೆಯಾಗಿ ಹೋದವಳು’ ಎಂದು ಮಗಳ ಹೆಸರು ಬಿಟ್ಟರೆ ಇಂದಲ್ಲ ನಾಳೆ ತಕರಾರು ಬಂದೇ ಬರುತ್ತದೆ.

ಹಿರಿಮಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸುವ ಮಾತು ಶುರುವಾಗುವುದೂ ಈ ಹೊತ್ತಿನಲ್ಲೇ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ವಿಧವೆಯ ಮಕ್ಕಳಿಗೂ ತಿಂಗಳಿಗೆ ತಲಾ 4,000 ರೂಪಾಯಿ ಸಿಗಲು ಅವಕಾಶವಿದೆ. ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು, ಮಗು ಶಾಲೆಗೆ ಹೋಗುತ್ತಿರಬೇಕು. ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಹಣ ಎಲ್ಲರಿಗೂ ಸಾಲುವಷ್ಟಿಲ್ಲ, ಆದ್ದರಿಂದ ಬೇಗ ಹಾಕಿ. ಸ್ವೀಕೃತಿ ಚೀಟಿ ಪಡೆಯದೆ ಮಾತ್ರ ಬರಬೇಡಿ.

– ಕೆಲವು ಓದುಗರು, ಮಂಡ್ಯ ಜಿಲ್ಲೆ